ಗಡ್ಡೆಯೊಳಗೆ ಸತ್ತ ಜೀವಕೋಶಗಳಿರುವುದು ಒಳ್ಳೆಯ ಲಕ್ಷಣವೇ?

ಡೊಂಬಿವಲಿಯಿಂದ ಪ್ರಶ್ನೆ:
ಚಿಕ್ಕಮ್ಮನ ಸ್ತನದ ಗಡ್ಡೆಯ ಬಯಾಪ್ಸಿ ವರದಿ ನಿನ್ನೆ ಪರೇಲ್‌ನಲ್ಲಿ ಕೈಗೆ ಬಂತು. ಅದರಲ್ಲಿ ‘ನೆಕ್ರೋಸಿಸ್ ಇದೆ’ ಎಂದಿದೆ. ಹಾಗೆಂದರೆ ಜೀವಕೋಶಗಳ ಸಾವು ಎಂದು ತಿಳಿದು ಮನೆಯವರು ಸ್ವಲ್ಪ ಸಮಾಧಾನಪಟ್ಟರು. ಚಿಕಿತ್ಸೆ ಇನ್ನೂ ಆರಂಭವಾಗಿಲ್ಲ. ಗಡ್ಡೆ ತಾನಾಗಿಯೇ ಸಾಯುತ್ತಿದೆ ಎಂದು ತಿಳಿಯಬಹುದೇ? ಗಡ್ಡೆಯಲ್ಲಿ ಹೊಸ ರಕ್ತನಾಳಗಳು ಬೆಳೆಯುತ್ತವೆ ಎಂದೂ ಓದಿದ್ದೇನೆ. ಹುಟ್ಟು ಸಾವುಗಳೆರಡೂ ಒಂದೇ ಕಡೆ ಹೇಗೆ?

ಮಾಟುಂಗಾದಿಂದ ಉತ್ತರ:
ನಾನು ಬಹುಕಾಲ ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ನಿಮ್ಮ ಮನೆಯವರ ಸಮಾಧಾನವನ್ನು ಕೆಡಿಸಲು ಮನಸ್ಸಿಲ್ಲ, ಆದರೆ ಚಿಕಿತ್ಸೆಗೆ ಮೊದಲೇ ಕಾಣುವ ನೆಕ್ರೋಸಿಸ್ ಗಡ್ಡೆ ಸೋಲುತ್ತಿರುವುದರ ಗುರುತಲ್ಲ. ಸಾಮಾನ್ಯವಾಗಿ ಅದು ವೇಗವಾಗಿ ಬೆಳೆಯುತ್ತಿರುವುದರ ಗುರುತು. ರಕ್ತನಾಳದಿಂದ ಆಮ್ಲಜನಕ ಸುಮಾರು 100ರಿಂದ 200 ಮೈಕ್ರೋಮೀಟರ್ ದೂರದವರೆಗೆ ಮಾತ್ರ ತಲುಪುತ್ತದೆ. ಆದ್ದರಿಂದ ಹೊಸ ನಾಳಗಳಿಲ್ಲದೆ ಗಡ್ಡೆ ಒಂದೆರಡು ಮಿಲಿಮೀಟರ್ ಮೀರಿ ಬೆಳೆಯಲಾರದು ಎಂಬ ವಾದವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮುಂದಿಟ್ಟರು. ಉಸಿರುಕಟ್ಟಿದ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ಪಕ್ಕದ ನಾಳಗಳಿಂದ ಕವಲುಗಳನ್ನು ತಮ್ಮತ್ತ ಸೆಳೆಯುತ್ತವೆ. ಹಾಗೆ ಅವಸರದಲ್ಲಿ ಹುಟ್ಟಿದ ನಾಳಗಳು ಅಂಕುಡೊಂಕಾಗಿ, ಸೋರುತ್ತಾ ಇರುವುದರಿಂದ ಎಲ್ಲ ಭಾಗಕ್ಕೂ ರಕ್ತ ಮುಟ್ಟುವುದಿಲ್ಲ, ಮುಟ್ಟದಲ್ಲಿ ಕೋಶಗಳು ಸಾಯುತ್ತವೆ. ನೀವು ಕೇಳಿದ ಎರಡಕ್ಕೂ ಮೂಲ ಆಮ್ಲಜನಕದ ಆ ಒಂದೇ ಕೊರತೆ. ಆದರೆ ಈ ಒಂದು ಪದದಿಂದ ಧೈರ್ಯಗೆಡಬೇಡಿ. ಚಿಕಿತ್ಸೆಯನ್ನು ನಿರ್ಧರಿಸುವಾಗ ಗ್ರೇಡ್ (ಕೋಶಗಳು ಎಷ್ಟು ಅಸಹಜವಾಗಿ ಕಾಣುತ್ತವೆಂಬ ಅಳತೆ), ಕೋಶಗಳಲ್ಲಿನ ಹಾರ್ಮೋನ್ ಗ್ರಾಹಕಗಳು, ಹರ್2 (ಕೆಲವು ಗಡ್ಡೆಗಳ ಕೋಶಗಳ ಮೇಲೆ ಅತಿಯಾಗಿರುವ ಪ್ರೋಟೀನ್) ಹಾಗೂ ಕಂಕುಳಿನ ಗ್ರಂಥಿಗಳ ಸ್ಥಿತಿಯನ್ನೇ ಮುಖ್ಯವಾಗಿ ನೋಡುತ್ತಾರೆ.

ಪುಣೆಯಿಂದ ಉತ್ತರ:
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೋಶವು ತನ್ನನ್ನು ತಾನೇ ಕ್ರಮಬದ್ಧವಾಗಿ ಕಳಚಿಕೊಂಡು ಸಾಯುವ ಇನ್ನೊಂದು ಬಗೆಯೂ ಇದೆ. 1972ರಲ್ಲಿ ಅದಕ್ಕೆ ಅಪೊಪ್ಟೋಸಿಸ್ ಎಂಬ ಹೆಸರು ಬಂತು. ನಾಳಗಳ ಬೆಳವಣಿಗೆಯನ್ನು ತಡೆದ ಇಲಿಗಳ ಶ್ವಾಸಕೋಶದ ಸಣ್ಣ ಗಡ್ಡೆಗಳಲ್ಲಿ ಕೋಶಗಳು ವಿಭಜನೆಯಾಗುತ್ತಲೇ ಇದ್ದರೂ ಅಪೊಪ್ಟೋಸಿಸ್ ಹೆಚ್ಚಿದ್ದುದರಿಂದ ಗಡ್ಡೆಗಳು ದೊಡ್ಡದಾಗಲಿಲ್ಲವೆಂದು ಫೋಕ್‌ಮನ್ ಅವರ ತಂಡವೇ 1995ರಲ್ಲಿ ತೋರಿಸಿತು.

ಡೊಂಬಿವಲಿಯಿಂದ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನಾಳಗಳನ್ನೇ ತಡೆಯುವ ಔಷಧಿಯನ್ನು ಕೊಡಬಾರದೇ?

ಮಾಟುಂಗಾದಿಂದ:
ಬೆವಾಸಿಜುಮ್ಯಾಬ್ ಅಂಥದೇ ಔಷಧಿ. ಹರಡಿದ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ 2008ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತ್ತು. ರೋಗ ಉಲ್ಬಣಿಸುವುದು ಸ್ವಲ್ಪ ತಡವಾದರೂ ಆಯುಷ್ಯ ಹೆಚ್ಚಿದ್ದು ಕಂಡುಬರಲಿಲ್ಲ, ಅಡ್ಡಪರಿಣಾಮಗಳೂ ಗಂಭೀರವಾಗಿದ್ದವು. 2011ರಲ್ಲಿ ಆ ಅನುಮತಿಯನ್ನು ಹಿಂತೆಗೆದುಕೊಂಡರು. ಚಿಕ್ಕಮ್ಮನಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ ಕೊಡುವುದಾದರೆ, ಆಮೇಲೆ ತೆಗೆದ ಅಂಗಾಂಶದಲ್ಲಿ ಜೀವಂತ ಕ್ಯಾನ್ಸರ್ ಕೋಶಗಳು ಎಷ್ಟು ಉಳಿದಿವೆಯೆಂದು ವೈದ್ಯರನ್ನು ತಪ್ಪದೆ ಕೇಳಿ. ಆ ವರದಿಯಲ್ಲಿ ಒಂದೂ ಉಳಿದಿಲ್ಲವೆಂದಿದ್ದರೆ ನೀವು ನಿಜವಾಗಿಯೂ ಸಮಾಧಾನಪಡಬಹುದು.