ಲಾರಿ ಹಡಗಿನ್ಯಾಗ ಹೋದ್ರ ಡ್ರೈವರ್ ಎಲ್ಲಿ ಮಲಗ್ತಾನ?

ಗಂಗಾವತಿ ಹುಡುಗ:
ನಮ್ಮ ಕಾಕಾನ ಮಗಗ ಲಿಥುವೇನಿಯಾದಾಗ ಟ್ರಕ್ ಡ್ರೈವರ್ ಕೆಲಸ ಸಿಕ್ಕೈತ್ರಿ, ಇಲ್ಲೀ ಮಟ ಗಂಗಾವತಿ ಅಕ್ಕಿ ಲೋಡ್ ಹಾಕ್ಕೊಂಡು ಸೂರತ್ ಕಡೆ ಹೊಡೀತಿದ್ದ. ಅಲ್ಲಿ ಕ್ಲೈಪೆಡಾ ಬಂದರದಿಂದ ಸ್ವೀಡನ್ನಿಗೆ ರಾತ್ರಿಪೂರ್ತಿ ಲಾರಿ ಸಮೇತ ಹಡಗಿನ್ಯಾಗ ಹೋಗೋದಂತ. ಮಲಗೋದು ಲಾರ್ಯಾಗೇನು? ಊಟ ಯಾರು ಕೊಡ್ತಾರ? ಚಿಗವ್ವ ದಿನಾ ತಲಿ ತಿನ್ನಾಕತ್ಯಾಳ.

ಸಿಂಧನೂರು ಡ್ರೈವರ್:
ಲಾರ್ಯಾಗ ಮಲಗಂಗಿಲ್ಲ ಅಣ್ಣ. ಹಡಗಿನ ಲಾರಿ ನಿಲ್ಲಿಸೋ ಅಂತಸ್ತು, ಅಂದ್ರ ಡೆಕ್ ಮ್ಯಾಲೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ ಇಳೀಬೇಕು, ಹಡಗಿನವರು ಚೈನ್ ಬಿಗೀತಾರ, ಹೊಂಟ ಮ್ಯಾಲೆ ಆ ಡೆಕ್ ಬಂದ್, ಮರತು ಬಿಟ್ಟ ಚಾರ್ಜರ್ ಮುಂಜಾನಿ ಮಟ ಸಿಗಂಗಿಲ್ಲ. ಅದಕ್ಕ ಟವಲ್, ಗುಳಿಗಿ, ಜಾಕೆಟ್ ಮೊದ್ಲೇ ಬ್ಯಾಗಿಗೆ ಹಾಕ್ಕೊಂಡು ಇಳೀಲಿ. ಹಡಗಿನ್ಯಾಗ ಮಲಗೋ ಖೋಲಿ (ಕ್ಯಾಬಿನ್), ಊಟ ಎರಡೂ ಬಹಳಷ್ಟು ಕಡೆ ಲಾರಿ ಟಿಕೆಟ್‌ನ್ಯಾಗೇ ಬರ್ತದ, ಆದ್ರ ಕ್ಯಾಬಿನ್ ಒಬ್ಬಗ ಅಲ್ಲ, ಗುರುತಿಲ್ಲದ ಡ್ರೈವರ್ ಕೂಡ ಹಂಚ್ಕೋಬೇಕು, ಮ್ಯಾಲಿನ ಬಂಕ್ (ಹಾಸಿಗಿ) ಸಿಕ್ರ ಗೊರಕಿ ಕೇಳ್ಕೋಂತ ಮಲಗೋದು 😄 ಊಟಕ್ಕ ಆಲೂಗಡ್ಡಿ, ಮಾಂಸ, ಬ್ರೆಡ್. ಶೇಂಗಾ ಹಿಂಡಿ ಒಯ್ಯಾಕ ಹೇಳ್ರಿ.

ಮತ್ತ ಯುರೋಪಿನ್ಯಾಗ ಡ್ರೈವರ್‌ಗೆ ರೆಸ್ಟ್ ಕಾನೂನು ಅದ. ದಿನದ 11 ತಾಸಿನ ರೆಸ್ಟ್ ನಡುವ ಲಾರಿ ಹತ್ಸಾಕ ಇಳ್ಸಾಕ ಎರಡು ಸಲ, ಎಲ್ಲಾ ಕೂಡಿ ಒಂದು ತಾಸಿನ ಮಟ ಎದ್ರ ರೆಸ್ಟ್ ಮುರಿಯಂಗಿಲ್ಲ, ಆದ್ರ ಮಲಗಾಕ ಬಂಕೋ ಕ್ಯಾಬಿನ್ನೋ ಕೊಟ್ಟಿರಲೇಬೇಕು. ಓಡಿಸಿದ್ದು, ರೆಸ್ಟ್ ತಗೊಂಡಿದ್ದು ಬರಕೊಳ್ಳೋ ಟ್ಯಾಕೋಗ್ರಾಫ್ ಮಶೀನ್‌ನ್ಯಾಗ ‘ಫೆರಿ’ (ಹಡಗು) ಅಂತ ಒತ್ತೋದು ಮರೀಬಾರದು, ಮರತ್ರ ದಂಡ.

ತೋರಣಗಲ್ಲು ಸ್ಟೀಲ್ ಲೋಡ್:
ರೂಲ್ ಇರೋದು ಖರೆ, ನಡೆಯೋದು ಬೇರೆ. 2022ರ ಫೆಬ್ರವರಿಯಲ್ಲಿ ಗ್ರೀಸಿಂದ ಇಟಲಿಗೆ ಹೊಂಟಿದ್ದ ಯೂರೋಫೆರಿ ಒಲಿಂಪಿಯಾ ಹಡಗಿಗೆ ಬೆಂಕಿ ಬಿದ್ದು 11 ಜನ ಹೋದ್ರು. ಕ್ಯಾಬಿನ್ ಸಾಲಲ್ಲ, ಗಲೀಜು ಇರುತ್ತೆ ಅಂತ ಡ್ರೈವರ್‌ಗಳು ಲಾರಿಯಲ್ಲೇ ಮಲಗ್ತಾರೆ ಅನ್ನೋ ಮಾತು ಆಗ ದೊಡ್ಡ ಸುದ್ದಿ ಆಗಿತ್ತು. ನಿಮ್ಮ ತಮ್ಮಗೆ ಹೇಳಿ, ಹಾಸಿಗೆ ಎಷ್ಟೇ ನಾತ ಹೊಡೀಲಿ, ಮೇಲೇ ಮಲಗ್ಬೇಕು. ಕ್ಯಾಬಿನ್ ಸಿಗಲಿಲ್ಲಾಂದ್ರೆ ಕುರ್ಚಿ ಮೇಲಾದ್ರೂ ಸರಿ.

ರಾಯಚೂರು ಮಂದಿ:
ಲಾರಿನ ರೈಲಿನ ಮ್ಯಾಲೆ ಹತ್ಸಿ ಒಯ್ಯೋ ನಮ್ಮ ಕೊಂಕಣ ರೈಲ್ವೆ ರೋರೋದಾಗ ಉಲ್ಟಾ ನೋಡ್ರಿ, ಸುರತ್ಕಲ್‌ನಿಂದ ಕೋಲಾಡ್ ಮಟ ಲಾರ್ಯಾಗೇ ಕುಂತು ಹೋಗೋದು. ತಲಿ ಮ್ಯಾಲೆ 25 ಸಾವಿರ ವೋಲ್ಟ್ ವೈರ್, ಲೋಡ್ ಮ್ಯಾಲೆ ಹತ್ತಿದ್ರ ಮುಗೀತು. ಗುಜರಾತಿನ ಹಜೀರಾ–ಘೋಘಾ ಫೆರಿ ಛಲೋ, ರೋಡಿನ 370 ಕಿಮೀ ಸಮುದ್ರದಾಗ 90 ಆಗ್ತದ, ಆದ್ರ ಅದು ಕೆಲವೇ ತಾಸಿಂದು, ನಿದ್ದಿ ಮಾತೇ ಇಲ್ಲ.

ಗಂಗಾವತಿ ಹುಡುಗ:
ಥ್ಯಾಂಕ್ಸ್ ಎಲ್ಲಾರಿಗೂ. ಹಿಂಡಿ ಅಂದಕೂಡ್ಲೇ ಚಿಗವ್ವ ಶೇಂಗಾ ಹುರಿಯಾಕ ಕುಂತ್ಲು. ಹಡಗಿನ್ಯಾಗ ವಾಂತಿ ಬಂದ್ರೇನು ಮಾಡ್ಬೇಕ್ರಿ?

ಸಿಂಧನೂರು ಡ್ರೈವರ್:
ಹತ್ತೋಕಿಂತ ಮೊದ್ಲೇ ಗುಳಿಗಿ ತಗೋಬೇಕು, ಶುರುವಾದ ಮ್ಯಾಲೆ ಹೊಟ್ಟ್ಯಾಗ ನಿಲ್ಲಂಗಿಲ್ಲ. ಹಡಗಿನ ನಡುವ ಕೂಡಲಿ, ಅಲ್ಲಿ ಹೊಯ್ದಾಟ ಕಮ್ಮಿ.