3ನೇ ಮೇನ್ ಮೋರಿ: ಪೈಪೋ, ಬಾಕ್ಸೋ? ಅಳತೆ ನೋಡಿ ತೀರ್ಮಾನ ಮಾಡೋಣ

ಮನೆ 31, 3ನೇ ಮೇನ್:
ಎಲ್ಲರಿಗೂ ನಮಸ್ಕಾರ. 3ನೇ ಮೇನ್ ತಗ್ಗಿನ ಮೋರಿ, 5ನೇ ಕ್ರಾಸ್ ಮೋರಿ ಎರಡನ್ನೂ ಹೊಸದಾಗಿ ಕಟ್ಟಿಸಲು ಪಾಲಿಕೆಗೆ ಮನವಿ ಕೊಡ್ಬೇಕು. ಈಗ ಎರಡೂ ಕಡೆ ಇರೋದು 600 ಮಿ.ಮೀ. ವ್ಯಾಸದ ಹ್ಯೂಮ್ ಪೈಪ್ (ಕಾಂಕ್ರೀಟ್ ಪೈಪ್), ಒಂದೇ ಸಾಲು. ತಗ್ಗಿನಲ್ಲಿ ಪಕ್ಕಕ್ಕೆ ಇನ್ನೆರಡು ಸಾಲು ಅದೇ ಪೈಪ್ ಹಾಕಿದ್ರೆ ಸಾಕು, ಖರ್ಚೂ ಕಡಿಮೆ ಅಂತ ಕೆಲವರು ಹೇಳ್ತಿದಾರೆ. ಗೊತ್ತಿರೋರು ಹೇಳ್ರಿ.

ಮನೆ 58, 5ನೇ ಕ್ರಾಸ್ (ರಸ್ತೆ ಕಾಮಗಾರಿ ಎಂಜಿನಿಯರ್):
ಸಾರ್, 600ರ ಮೂರು ಪೈಪ್ ಬೇಡ. ಒಂದೇ ಇಳಿಜಾರಿನಲ್ಲಿ 900ರ ಒಂದು ಪೈಪ್ ಒಯ್ಯುವಷ್ಟು ನೀರನ್ನೇ 600ರ ಮೂರು ಪೈಪ್ ಸೇರಿ ಒಯ್ಯೋದು. ಸಾಲುಗಳ ನಡುವೆ ಮಣ್ಣು ದಮ್ಮಸ್ ಮಾಡಲು ಕನಿಷ್ಠ 450 ಮಿ.ಮೀ. ಬಿಡಬೇಕು, ಆಗ ಒಟ್ಟು ಅಗಲ 3 ಮೀಟರ್ ದಾಟುತ್ತೆ. ನಮ್ಮ ಚರಂಡಿ ಅಗಲ ಒಂದೂವರೆ ಮೀಟರ್. ನಡುವಿನ ಪೈಪಿಗೆ ನೀರು ನೇರ ನುಗ್ಗುತ್ತೆ, ಅಕ್ಕಪಕ್ಕದ ಎರಡರಲ್ಲಿ ಹೂಳು ಕೂರುತ್ತೆ. 600ರೊಳಗೆ ಆಳು ಇಳಿದು ಹೂಳು ತೆಗೆಯೋಕೂ ಆಗಲ್ಲ.

ಯಾವ ನಮೂನೆ ಅನ್ನೋದನ್ನ ತೀರ್ಮಾನಿಸೋದು ದರ ಅಲ್ಲ, ಆಳ. ರಸ್ತೆ ಮೇಲ್ಮಟ್ಟದಿಂದ ಚರಂಡಿ ತಳಕ್ಕೆ ಎಷ್ಟಿದೆ ಅಂತ ಮೊದಲು ನೋಡ್ಬೇಕು. 900ರ ಪೈಪಿನ ಹೊರ ಅಳತೆ ಸುಮಾರು 1.1 ಮೀಟರ್. ಅದರ ಮೇಲೆ 600 ಮಿ.ಮೀ. ಮಣ್ಣಿನ ಹೊದಿಕೆ ಇಲ್ಲದಿದ್ರೆ ಲಾರಿ ಚಕ್ರದ ಭಾರ ನೇರ ಪೈಪಿಗೇ ಬೀಳುತ್ತೆ. ಒಟ್ಟು 1.7 ಮೀಟರ್ ಆಯ್ತು. 5ನೇ ಕ್ರಾಸಲ್ಲಿ 1.9 ಸಿಗುತ್ತೆ, ಅಲ್ಲಿಗೆ ಪೈಪೇ ಸರಿ. 3ನೇ ಮೇನ್ ತಗ್ಗಿನಲ್ಲಿ ಸಿಗೋದು 1.25 ಮಾತ್ರ. ತಳ ಅಗೆದು ಇಳಿಸೋಣ ಅಂದ್ರೆ ನೀರು ಹೋಗಿ ಸೇರೋ ರಾಜಕಾಲುವೆ ತಳ ಅದಕ್ಕಿಂತ 15 ಸೆಂ.ಮೀ. ಅಷ್ಟೇ ಕೆಳಗಿದೆ, ಮೋರಿಯಲ್ಲೇ ನೀರು ನಿಲ್ಲುತ್ತೆ. ಪೈಪಿನ ಸುತ್ತ ಕಾಂಕ್ರೀಟ್ ಹೊದಿಸಿ ಮಣ್ಣು ಕಡಿಮೆ ಮಾಡಬಹುದು, ಆದರೆ ಪೈಪ್ ಅಗ್ಗ ಅನ್ನೋ ಮಾತು ಅಲ್ಲಿಗೇ ಮುಗೀತು.

ತಗ್ಗಿಗೆ ಆರ್‌ಸಿಸಿ ಬಾಕ್ಸ್ (ಕಂಬಿ ಕಾಂಕ್ರೀಟಿನ ಪೆಟ್ಟಿಗೆಯಂಥ ಮೋರಿ), ಒಳ ಅಗಲ 1.5, ಎತ್ತರ 0.9 ಮೀಟರ್. ಮೇಲಿನ ಸ್ಲ್ಯಾಬ್ 220 ಮಿ.ಮೀ., ಅದರ ಮೇಲೆ ರಸ್ತೆ ಪದರ 75. ಎಲ್ಲ ಸೇರಿ 1.2 ಮೀಟರ್ ಒಳಗೇ ಕೂರುತ್ತೆ.

ಮನೆ 12, 1ನೇ ಕ್ರಾಸ್:
ಅಲ್ಲಿಗೆ ಬರೋ ನೀರು ಎಷ್ಟು ಅಂತ ಲೆಕ್ಕ ಹಾಕಿದೀರಾ ಸಾರ್?

ಮನೆ 58:
ಹಾಕಿದೀನ್ರಿ. ತಗ್ಗಿಗೆ ಹರಿದು ಬರೋ ಜಾಗ ಸುಮಾರು 15 ಹೆಕ್ಟೇರ್. ಮನೆ, ಕಾಂಕ್ರೀಟ್ ರಸ್ತೆ ಜಾಸ್ತಿ ಇರೋದ್ರಿಂದ ಬಿದ್ದ ಮಳೆಯಲ್ಲಿ 0.7 ಭಾಗ ಹರಿಯುತ್ತೆ ಅಂತ ಹಿಡಿದೆ. ಮೇ ತಿಂಗಳ ಗುಡುಗು ಮಳೆಗೆ ಗಂಟೆಗೆ 75 ಮಿ.ಮೀ. 0.7 × 75 × 15, ಭಾಗಿಸು 360 (ಮಿ.ಮೀ., ಹೆಕ್ಟೇರ್ ಲೆಕ್ಕವನ್ನ ಘನ ಮೀಟರಿಗೆ ತರೋಕೆ) ಅಂದ್ರೆ ಸೆಕೆಂಡಿಗೆ ಸುಮಾರು 2.2 ಘನ ಮೀಟರ್. 200ಕ್ಕೆ 1ರ ಇಳಿಜಾರಲ್ಲಿ ಈ ಬಾಕ್ಸ್ 0.7 ಮೀಟರ್ ತುಂಬಿ ಹರಿದ್ರೆ 2.5ರಷ್ಟು ಒಯ್ಯುತ್ತೆ, ಮೇಲೆ 20 ಸೆಂ.ಮೀ. ಖಾಲಿ ಇರುತ್ತೆ. ಈಗಿನ 600ರ ಪೈಪ್ ಒಯ್ಯೋದು 0.4 ಚಿಲ್ಲರೆ. 5ನೇ ಕ್ರಾಸಿಗೆ ಬರೋದು 4 ಹೆಕ್ಟೇರ್ ನೀರು, ಸುಮಾರು 0.6. ಅಲ್ಲಿ 900ರ ಒಂದೇ ಪೈಪ್ ಧಾರಾಳ ಆಯ್ತು.

ಮನೆ 44, 2ನೇ ಮೇನ್:
ಎರಡು ಕಡೆ ಸೈಜುಗಲ್ಲಿನ ಗೋಡೆ ಕಟ್ಟಿ ಮೇಲೆ ಚಪ್ಪಡಿ ಹಾಕಿದ್ರೆ ಇನ್ನೂ ಅಗ್ಗ ಅಲ್ವಾ? ಹಳೇ ಊರಲ್ಲಿ ಎಲ್ಲಾ ಅವೇ ಅದಾವಲ್ಲ.

ಮನೆ 58:
ಅಣ್ಣಾರೆ, ಗಟ್ಟಿ ನೆಲ ಇದ್ರೆ ಒಪ್ಪಬಹುದಿತ್ತು. ನಮ್ದು ಎರೆಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಎರಡು ಗೋಡೆಗೆ ಬೇರೆ ಬೇರೆ ಬುನಾದಿ ಇದ್ದಾಗ ಒಂದು ಕಡೆ ಮಾತ್ರ ಕುಸಿದು ಸ್ಲ್ಯಾಬ್ ಓರೆ ಆಗುತ್ತೆ. ಬಾಕ್ಸಿನಲ್ಲಿ ತಳ, ಗೋಡೆ, ಮೇಲ್ಭಾಗ ಒಂದೇ ಕಟ್ಟು, ಭಾರ ಇಡೀ ತಳಕ್ಕೆ ಹರಡುತ್ತೆ. ಕಲ್ಲು ಚಪ್ಪಡಿಯಂತೂ ಬಾಗದೆ ಒಮ್ಮೆಗೇ ಮುರಿಯುತ್ತೆ, ತುಂಬಿದ ಟಿಪ್ಪರ್ ಓಡಾಡೋ ರಸ್ತೆಗೆ ಬೇಡವೇ ಬೇಡ.

ಮನೆ 67, 4ನೇ ಕ್ರಾಸ್ (ಸಿವಿಲ್ ಗುತ್ತಿಗೆದಾರ):
ಸಾರ್ ಹೇಳಿದ್ದು ಸರಿ. ಕೆಲಸದ ಕಡೆಯಿಂದ ಕೆಲವು ಸೇರಿಸ್ತೀನಿ.

ಪೈಪಿಗೆ: ಬಲದ ಪ್ರಕಾರ ಎನ್‌ಪಿ ಅಂತ ದರ್ಜೆ ಇರುತ್ತೆ. ಎನ್‌ಪಿ-2 ತಂದ್ರೆ ಇಳಿಸಿಕೊಳ್ಳಬೇಡ್ರಿ, ಅದು ಹಗುರ ಓಡಾಟಕ್ಕೆ. ಎನ್‌ಪಿ-3 ಆದ್ರೂ ಬೇಕು, ಟಿಪ್ಪರ್ ಜಾಸ್ತಿ ಇದ್ರೆ ಎನ್‌ಪಿ-4. ದರ್ಜೆ, ವ್ಯಾಸ, ತಯಾರಾದ ದಿನಾಂಕ ಪೈಪಿನ ಮೇಲೇ ಇರುತ್ತೆ, ಫೋಟೋ ತೆಗೀರಿ. ಒಂದು ಪೈಪ್ ಎರಡೂವರೆ ಮೀಟರ್, 12 ಮೀಟರ್ ರಸ್ತೆಗೆ 5 ಬೇಕು. ಕೆಳಗೆ 150 ಮಿ.ಮೀ. ಕಾಂಕ್ರೀಟ್ ಬೆಡ್, ಅಂದಾಜು 3 ಘನ ಮೀಟರ್ ಬರುತ್ತೆ. ಅಗೆದ ಎರೆಮಣ್ಣನ್ನೇ ವಾಪಸ್ ತುಂಬೋದು ಎಲ್ಲಾ ಕಡೆ ನಡೆಯೋ ತಪ್ಪು. ಒಂದೆರಡು ಮಳೆಗಾಲದಲ್ಲಿ ಜೋಡಣೆ ಬಿಟ್ಟುಕೊಂಡು ಮಣ್ಣು ಒಳಗೆ ಸೋರಿ ಮೇಲೆ ರಸ್ತೆ ಕುಳಿ ಬೀಳುತ್ತೆ. ಗರಸು ತರಿಸಿ 200 ಮಿ.ಮೀ. ಪದರ ಪದರವಾಗಿ, ಎರಡೂ ಪಕ್ಕ ಸಮನಾಗಿ, ನೀರು ಹಾಕಿ ದಮ್ಮಸ್ ಮಾಡಿಸ್ಬೇಕು.

ಬಾಕ್ಸಿಗೆ: ತಳದ ಕೆಳಗೆ ಎರೆಮಣ್ಣು ತೆಗೆದು 300 ಮಿ.ಮೀ. ಗರಸು, ಮೇಲೆ 100 ಪಿಸಿಸಿ (ಕಂಬಿ ಇಲ್ಲದ ಕಾಂಕ್ರೀಟ್). 12 ಮೀಟರ್ ಉದ್ದಕ್ಕೆ 14-15 ಘನ ಮೀಟರ್ ಎಂ-30 ದರ್ಜೆಯ ಕಾಂಕ್ರೀಟ್ ಬೀಳುತ್ತೆ. ಓಡಾಟ ನಿಲ್ಲಬಾರದು ಅಂದ್ರೆ ಅರ್ಧರ್ಧ ರಸ್ತೆ ಮಾಡ್ಬೇಕು, ಆಗ ಎರಡು ತಿಂಗಳು ಹಿಡಿಯುತ್ತೆ. ಮೊದಲರ್ಧದ ಕಂಬಿ ಹೊರಗೆ ಬಿಟ್ಟಿರ್ಬೇಕು, ಜಾಯಿಂಟಲ್ಲಿ ನೀರು ಸೋರದ ಹಾಗೆ ವಾಟರ್ ಸ್ಟಾಪ್ ಪಟ್ಟಿ ಮರೀಬಾರದು. ರೆಡಿಮೇಡ್ ಬಾಕ್ಸ್ ಆದ್ರೆ ಕೂರಿಸೋದು ಎರಡು ದಿನದ ಕೆಲಸ. ಆದರೆ ಮೀಟರ್ ಉದ್ದದ ಒಂದು ತುಂಡೇ 3 ಟನ್, ಹೈಡ್ರಾ ಕ್ರೇನನ್ನ ಕರೆಂಟ್ ತಂತಿ ಕೆಳಗೆ ನಿಲ್ಲಿಸೋಕಾಗಲ್ಲ. ಬೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸ್ಬೇಕು.

ಮನೆ 23, 3ನೇ ಮೇನ್:
ಈಗಿನ ಮೋರಿ ಬಾಯಲ್ಲೇ ಕುಡಿಯೋ ನೀರಿನ ಎರಡು ಪೈಪ್ ಅಡ್ಡ ಹೋಗಿದಾವೆ. ಹಳೇ ಸೀರೆ ತುಂಡು, ಹಾಲಿನ ಕವರ್, ತೆಂಗಿನ ಗರಿ ಎಲ್ಲಾ ಅದಕ್ಕೇ ಸುತ್ಕೊಂಡು ಅರ್ಧ ಬಾಯಿ ಮುಚ್ಚಿದೆ. ಹೊಸ ಬಾಕ್ಸಲ್ಲೂ ಹಂಗೇ ಬಿಟ್ರೆ?

ಮನೆ 58:
ಅಕ್ಕಾರೆ, ಒಳ್ಳೇ ಮಾತು ತಂದ್ರಿ. ಕುಡಿಯೋ ನೀರಿನ ಪೈಪ್ ಚರಂಡಿಯೊಳಗೆ ಹೋಗಲೇಬಾರದು, ಒಂದು ಜಾಯಿಂಟ್ ಸಡಿಲಾದ್ರೆ ಕೊಳಚೆ ನಲ್ಲಿಗೇ ಬರುತ್ತೆ. ಅದನ್ನ ಸ್ಥಳಾಂತರಿಸೋ ಖರ್ಚು ಇದೇ ಎಸ್ಟಿಮೇಟಲ್ಲಿ ಸೇರಿರಬೇಕು. ಆಮೇಲೆ ಮಾಡ್ತೀವಿ ಅಂದ್ರೆ ಆಗಲ್ಲ. ಯುಜಿಡಿ (ಒಳಚರಂಡಿ) ಚೇಂಬರ್ ಮಟ್ಟವನ್ನೂ ಅಗೆಯೋ ಮೊದಲೇ ನೋಡ್ಬೇಕು. ಮೋರಿ ಬಾಯಿಗೆ ಸೇರಿಸಿ ನೆಟ್ಟಗೆ ಜಾಲರಿ ಕೂರಿಸಿದ್ರೆ ಅದೂ ಕಟ್ಟುತ್ತೆ. ಎರಡು ಮೀಟರ್ ಹಿಂದೆ ಓರೆಯಾಗಿ ಕೂರಿಸಿ, ಅದರ ಮುಂದೆ 300 ಮಿ.ಮೀ. ಆಳದ ಹೂಳು ಗುಂಡಿ. ಹೊರಬಾಯಲ್ಲಿ ಕಾಂಕ್ರೀಟ್ ಹಾಸು, ಅದರ ತುದಿಗೆ 600 ಮಿ.ಮೀ. ಆಳದ ಅಡ್ಡಗೋಡೆ. ಇಲ್ಲಾಂದ್ರೆ ನೀರು ಕೆಳಗಿನ ಮಣ್ಣು ಕೊರೆದು ಬಾಕ್ಸ್ ತುದಿ ಜೋತು ಬೀಳುತ್ತೆ.

ಇನ್ನೊಂದು ಗಮನಿಸ್ರಿ: ಜೋರು ಮಳೆಯಲ್ಲಿ ರಾಜಕಾಲುವೆ ನೀರೇ ಬಾಕ್ಸಿನ ಬಾಯಿಗಿಂತ ಮೇಲೆ ನಿಂತ್ರೆ ಎಷ್ಟು ದೊಡ್ಡ ಬಾಕ್ಸ್ ಹಾಕಿದ್ರೂ ನೀರು ಇಳಿಯಲ್ಲ. ಕಾಲುವೆ ಗೋಡೆ ಮೇಲೆ ನೀರು ನಿಂತ ಗುರುತು ಇರುತ್ತೆ, ಅದರ ಎತ್ತರ ಬೇಕು.

ಮನೆ 31:
ಹಂಗಾದ್ರೆ ಭಾನುವಾರ ಬೆಳಗ್ಗೆ 7ಕ್ಕೆ ತಗ್ಗಿನ ಹತ್ರ ಸೇರೋಣ. 67ರವರು ಲೆವೆಲ್ ಪೈಪ್, ಟೇಪ್ ತರ್ತಾರೆ. ಎರಡೂ ಮೋರಿಯ ತಳ, ರಸ್ತೆ ಮಟ್ಟ, ಕಾಲುವೆ ಗುರುತು ಅಳೆದು ನಕ್ಷೆಗೆ ಹಾಕಿ, ಆಯುಕ್ತರಿಗೆ ಕೊಡೋ ಮನವಿ ಜೊತೆ ಇಡೋಣ. ಕೇಳೋದು: ತಗ್ಗಿಗೆ 1.5 × 0.9 ಬಾಕ್ಸ್, 5ನೇ ಕ್ರಾಸಿಗೆ 900 ಎನ್‌ಪಿ-3, ನೀರಿನ ಪೈಪ್ ಸ್ಥಳಾಂತರ. ಸಹಿ ಪುಸ್ತಕ ನಮ್ಮ ಮನೇಲಿ ಇರುತ್ತೆ, ಶನಿವಾರ ಸಂಜೆ ಒಳಗೆ ಬಂದು ಹಾಕ್ರಿ.