ಪದಚರ್ಚೆ: ಯಕೃತ್ತಿನ ‘ಲೀಷನ್’, ‘ಬಿನೈನ್’, ‘ವಾಷ್‌ಔಟ್’ – ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಯಕೃತ್ತಿನ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಪರೀಕ್ಷೆಗೆ ಬರುವವರಿಗಾಗಿ ಎರಡು ಪುಟಗಳ ತಿಳಿವಳಿಕೆ ಪತ್ರವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕರಡನ್ನು ಮನೆಯ ಹಿರಿಯರೊಬ್ಬರಿಗೆ ಓದಲು ಕೊಟ್ಟಿದ್ದೆ. ‘ವಾಷ್‌ಔಟ್’ ಎಂಬುದಕ್ಕೆ ನಾನು ಬರೆದಿದ್ದ ‘ತೊಳೆದುಹೋಗುವುದು’ ಎಂಬ ಮಾತಿನ ಮೇಲೆ ಅವರು ಬೆರಳಿಟ್ಟು, “ತೊಳೆದುಹೋದರೆ ಒಳ್ಳೆಯದೇ ಆಯಿತಲ್ಲ, ಕಾಯಿಲೆ ಹೋಯಿತು ಎಂದಲ್ಲವೇ?” ಎಂದು ಕೇಳಿದರು. ಸಂಗತಿ ಇದಕ್ಕೆ ತೀರ ವಿರುದ್ಧವಾದುದು.

ಈ ಪರೀಕ್ಷೆಯಲ್ಲಿ ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದಾದ ಅನಿಲದ ಗುಳ್ಳೆಗಳನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಅವು ರಕ್ತನಾಳಗಳನ್ನು ಬಿಟ್ಟು ಹೊರಬಾರದೆ ರಕ್ತದೊಡನೆಯೇ ಸಾಗುವುದರಿಂದ, ಯಕೃತ್ತಿನ ಯಾವ ಭಾಗಕ್ಕೆ ರಕ್ತ ಯಾವಾಗ ತಲುಪಿತು, ಎಷ್ಟು ಹೊತ್ತು ನಿಂತಿತು ಎಂಬುದು ಪರದೆಯ ಮೇಲೆ ಹೊಳಪಾಗಿ ಕಾಣುತ್ತದೆ. ಹೆಮಾಂಜಿಯೋಮಾ (ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ) ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಎಫ್‌ಎನ್‌ಎಚ್ (ಯಕೃತ್ತಿನ ಜೀವಕೋಶಗಳೇ ಒಂದೆಡೆ ಹೆಚ್ಚಾಗಿ ಬೆಳೆದು ಆದ ಗಂಟು, ಇದೂ ಕ್ಯಾನ್ಸರ್ ಅಲ್ಲ) ಎಂಬುದು ನಡುವಿನಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಕ್ಕೆ ಬೆಳಗುತ್ತದೆ. ಎರಡು ನಿಮಿಷ ಕಳೆದ ಮೇಲೂ ಇವು ಸಾಮಾನ್ಯವಾಗಿ ಸುತ್ತಲಿನ ಯಕೃತ್ತಿನಷ್ಟೇ, ಇಲ್ಲವೇ ಅದಕ್ಕಿಂತ ಹೆಚ್ಚು, ಹೊಳೆಯುತ್ತಿರುತ್ತವೆ. ಅದರ ಬದಲು ಆ ಭಾಗ ಹೊಳಪು ಕಳೆದುಕೊಂಡು ಕಪ್ಪಾದರೆ, ಅದೇ ‘ವಾಷ್‌ಔಟ್’, ಆಗ ಕ್ಯಾನ್ಸರಿನ ಅನುಮಾನ. ಬೇರೆಡೆಯಿಂದ ಹರಡಿ ಬಂದ ಕ್ಯಾನ್ಸರಿನಲ್ಲಿ ಇದು ಬಹುಮಟ್ಟಿಗೆ ಮೊದಲ ಒಂದು ನಿಮಿಷದೊಳಗೇ ಆಗುತ್ತದೆ. ಆದುದರಿಂದ ‘ತೊಳೆದುಹೋಗುವುದು’ ಎಂಬುದನ್ನು ಹೊಡೆದುಹಾಕಿ ‘ಮಂಕಾಗುವುದು’ ಎಂದು ಬರೆದಿದ್ದೇನೆ. ಇದರಲ್ಲಿ ನನಗೆ ಹೆಚ್ಚಿನ ಸಂಶಯವಿಲ್ಲ.

ಸಂಶಯವಿರುವುದು ‘ಲೀಷನ್’, ಅಂದರೆ ಸ್ಕ್ಯಾನಿನಲ್ಲಿ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಭಾಗದ ವಿಷಯದಲ್ಲಿ. ‘ಗಾಯ’, ‘ಹುಣ್ಣು’ ಎಂದರೆ ಇಲ್ಲಿ ಅಪಾರ್ಥವಾಗುತ್ತದೆ. ಪತ್ರಿಕೆಗಳು ಬಳಸುವ ‘ಗಡ್ಡೆ’ ಎಂಬುದು ಪರೀಕ್ಷೆಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ: ಕೊಬ್ಬು ಒಂದೆಡೆ ಹೆಚ್ಚು ಕೂಡಿಕೊಂಡಿರುವುದೂ ಸ್ಕ್ಯಾನಿನಲ್ಲಿ ಲೀಷನ್ನಿನಂತೆಯೇ ಕಾಣುತ್ತದೆ, ಅದು ಯಾವ ಅರ್ಥದಲ್ಲಿಯೂ ಗಡ್ಡೆಯಲ್ಲ. ‘ಕಲೆ’ ಎಂಬುದು ಹಿಡಿಸಿತ್ತು. ಆದರೆ ಎಫ್‌ಎನ್‌ಎಚ್‌ನ ನಡುವೆ ಅನೇಕ ವೇಳೆ ಗಾಯ ಮಾಗಿದಂತಹ ಗುರುತೊಂದು ಇರುತ್ತದೆ, ಅದನ್ನೂ ‘ಕಲೆ’ ಎನ್ನದೆ ಗತಿಯಿಲ್ಲ, ಹೀಗಾಗಿ ‘ಕಲೆಯೊಳಗಿನ ಕಲೆ’ ಎಂದು ಬರೆಯಬೇಕಾಯಿತು. ‘ಮಚ್ಚೆ’ ಎಂದರೆ ಭಯ ಹುಟ್ಟಿಸದು, ಆದರೆ ಕೇಳಿದವರು ಇದೇನೂ ಅಲ್ಲವೆಂದು ಪರೀಕ್ಷೆಯನ್ನೇ ಮರೆತುಬಿಡಬಹುದು. ಕ್ಯಾನ್ಸರಿಗೆ ‘ಏಡಿಗಂತಿ’ ಎಂಬ ಮಾತಿದೆಯಲ್ಲ, ಅದರಲ್ಲಿನ ‘ಏಡಿ’ಯನ್ನು ಬಿಟ್ಟು ‘ಗಂತಿ’ ಎಂದಷ್ಟೇ ಉಳಿಸಿಕೊಂಡರೆ ಹೇಗೆ ಎಂಬ ಯೋಚನೆಯೂ ಬಂದಿತ್ತು. ಕಿವಿಗೆ ಇಂಪಾಗಿದೆ, ಇಂದಿನ ಓದುಗರಲ್ಲಿ ಎಷ್ಟು ಮಂದಿಗೆ ಅರ್ಥವಾದೀತು ಎಂಬುದೇ ಅಳುಕು.

‘ಬಿನೈನ್’ ಎಂಬುದಕ್ಕೆ ರೂಢಿಯಲ್ಲಿರುವ ‘ಸೌಮ್ಯ’ವನ್ನು ನಾನು ಒಪ್ಪಲಾರೆ. ಕೊರೊನಾ ಕಾಲದ ‘ಸೌಮ್ಯ ಲಕ್ಷಣ’ದ ಅನಂತರ ಆ ಪದಕ್ಕೆ ‘ಇನ್ನೂ ಉಲ್ಬಣಿಸಿಲ್ಲದ’ ಎಂಬ ಅರ್ಥ ಅಂಟಿಕೊಂಡಿದೆ. ‘ನಿರಪಾಯ’ ಎಂಬುದೂ ಪೂರ್ತಿ ನಿಜವಲ್ಲ: ಅಡಿನೋಮಾ (ಯಕೃತ್ತಿನ ಜೀವಕೋಶಗಳಿಂದಾಗುವ ಒಂದು ಬಗೆಯ ಬೆಳವಣಿಗೆ) ಬಿನೈನ್ ಗುಂಪಿಗೇ ಸೇರಿದ್ದರೂ ಐದು ಸೆಂಟಿಮೀಟರ್ ಮೀರಿ ಬೆಳೆದಾಗ ಒಳಗೇ ರಕ್ತಸ್ರಾವವಾಗುವ ಅಪಾಯವಿದೆ. ಸದ್ಯಕ್ಕೆ ‘ಕ್ಯಾನ್ಸರ್ ಅಲ್ಲದ’ ಎಂದೇ ಇಟ್ಟಿದ್ದೇನೆ.

ಇನ್ನು ‘ಕಾಂಟ್ರಾಸ್ಟ್’. ‘ಡೈ ಕೊಟ್ಟು ಮಾಡುವ ಸ್ಕ್ಯಾನ್’ ಎಂಬುದು ಎಲ್ಲರಿಗೂ ತಿಳಿಯುವ ಮಾತು, ಆದರೆ ಸಿಟಿ ಸ್ಕ್ಯಾನಿನ ಡೈ ಮೂತ್ರಪಿಂಡಕ್ಕೆ ತೊಂದರೆ ಮಾಡೀತೆಂಬ ಭಯವೂ ಅದರೊಡನೆ ಬರುತ್ತದೆ. ಇಲ್ಲಿ ಬಣ್ಣವೂ ಇಲ್ಲ, ಅಯೋಡಿನ್ನೂ ಇಲ್ಲ. ಗುಳ್ಳೆಯೊಳಗಿನ ಅನಿಲವು ಮೂತ್ರಪಿಂಡದ ಗೊಡವೆಗೆ ಹೋಗದೆ ಉಸಿರಿನ ಮೂಲಕ ಹೊರಟುಹೋಗುತ್ತದೆ. 1968ರಲ್ಲಿ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಷಾ ಹೃದಯದ ಪರೀಕ್ಷೆಯಲ್ಲಿ ಈ ಬಗೆಯ ಪರಿಣಾಮವನ್ನು ವರದಿ ಮಾಡಿದಾಗಿನಿಂದಲೂ ಇದು ಗುಳ್ಳೆಗಳ ಕಥೆಯೇ ಹೊರತು ಬಣ್ಣದ ಕಥೆಯಲ್ಲ. ಆದರೂ ‘ಗುಳ್ಳೆ’ ಎಂದೊಡನೆ ಮೈಮೇಲೆ ಏಳುವ ಬೊಕ್ಕೆ ನೆನಪಾಗುತ್ತದೆ, ‘ಗಾಳಿಗುಳ್ಳೆ’ ಎಂದರಂತೂ ರಕ್ತಕ್ಕೆ ಗಾಳಿ ಸೇರಿತೆಂದು ಗಾಬರಿಯಾದಾರು.

ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವವರು ಅಥವಾ ಅಲ್ಲಿ ರೋಗಿಯ ಜೊತೆಗೆ ನಿಂತವರು ನಮ್ಮಲ್ಲಿದ್ದರೆ, ವರದಿಯಲ್ಲಿನ ‘ಲೀಷನ್’ ಅನ್ನು ಅಲ್ಲಿ ಬಾಯಿಮಾತಿನಲ್ಲಿ ಹೇಗೆ ಹೇಳುತ್ತಾರೆಂಬುದನ್ನು ಊರಿನ ಹೆಸರಿನೊಡನೆ ತಿಳಿಸಬೇಕಾಗಿ ಕೋರುತ್ತೇನೆ.